ಊರಿನ ಆಸ್ಪತ್ರೆಯಿಂದ ಎಂಪಿಎಚ್‌ವರೆಗೆ: ಕೆಲಸದಲ್ಲಿರುವ ಆರೋಗ್ಯ ಸಿಬ್ಬಂದಿಗೆ ಹಂತ ಹಂತದ ಮಾರ್ಗದರ್ಶಿ

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಪಿಎಚ್‌ಸಿಯಲ್ಲಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಗುತ್ತಿಗೆ ಮೇಲಿರುವ ಎಂಬಿಬಿಎಸ್ ಡಾಕ್ಟರು ಕೇಳುತ್ತಾರೆ. ಜಿಲ್ಲಾಸ್ಪತ್ರೆಯ ನರ್ಸ್ ಕೇಳುತ್ತಾರೆ. ಬಿಡಿಎಸ್ ಮುಗಿಸಿ, ಸ್ವಂತ ಕ್ಲಿನಿಕ್ ಇಡುವ ಮನಸ್ಸಿಲ್ಲದವರು ಕೇಳುತ್ತಾರೆ. ಆಯುಷ್ ಡಾಕ್ಟರು, ಫಿಸಿಯೋಥೆರಪಿಸ್ಟ್, ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಎಲ್ಲರೂ ಕೇಳುತ್ತಾರೆ. "ಎಂಪಿಎಚ್ ಮಾಡಬೇಕು ಅಂತಿದ್ದೀನಿ. ಇಲ್ಲೇ ಮಾಡಲಾ, ಹೊರಗೆ ಹೋಗಲಾ? ಎಲ್ಲಿಂದ ಶುರು ಮಾಡಲಿ?"

ಒಬ್ಬೊಬ್ಬರಿಗೂ ತುಂಡು ತುಂಡಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಎಂಪಿಎಚ್ ಅಂದರೆ ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ಎದುರಿಗೆ ಕೂತ ಒಬ್ಬ ರೋಗಿಯ ಬದಲು ಇಡೀ ಊರು, ತಾಲ್ಲೂಕು, ದೇಶದ ಆರೋಗ್ಯವನ್ನು ನೋಡುವ ಓದು. ವಿದೇಶದಲ್ಲಿ ಹೆಚ್ಚುಕಡಿಮೆ ಇದೇ ಓದಿಗೆ ಗ್ಲೋಬಲ್ ಹೆಲ್ತ್, ಇಂಟರ್‌ನ್ಯಾಷನಲ್ ಹೆಲ್ತ್ ಅನ್ನುವ ಹೆಸರುಗಳೂ ಇವೆ. ಹೆಸರಿಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ, ಒಳಗೆ ಏನು ಕಲಿಸುತ್ತಾರೆ ಅನ್ನುವುದನ್ನು ನೋಡಿ.

1. ಇದರಿಂದ ಏನು ಸಿಗುವುದಿಲ್ಲ ಅಂತ ಮೊದಲು ತಿಳಿದುಕೊಳ್ಳಿ

ಎಂಪಿಎಚ್ ಮಾಡಿದರೆ ನೀವು ಸ್ಪೆಷಲಿಸ್ಟ್ ಡಾಕ್ಟರ್ ಆಗುವುದಿಲ್ಲ. ಇದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಸ್ನಾತಕೋತ್ತರ ಪದವಿ ಅಲ್ಲ. ವಿಶ್ವವಿದ್ಯಾಲಯ ಕೊಡುವ ಪದವಿ ಅಷ್ಟೇ. ಕಮ್ಯುನಿಟಿ ಮೆಡಿಸಿನ್‌ನಲ್ಲಿ ಎಂಡಿ ಬೇರೆ, ಎಂಪಿಎಚ್ ಬೇರೆ. ಎಂಡಿಗೆ ಎಂಬಿಬಿಎಸ್ ಆಗಿರಬೇಕು, ನೀಟ್ ಪಿಜಿ ಬರೆಯಬೇಕು, ಮೂರು ವರ್ಷ ಓದಬೇಕು. ಮೆಡಿಕಲ್ ಕಾಲೇಜಿನಲ್ಲಿ ಪ್ರೊಫೆಸರ್ ಆಗುವ ಆಸೆ ಇರುವ ಎಂಬಿಬಿಎಸ್‌ನವರು ಎಂಡಿ ಕಡೆಗೇ ಹೋಗಿ. ಎಂಪಿಎಚ್ ಮುಗಿಸಿ ಬಂದು "ಕಾಲೇಜಿನಲ್ಲಿ ತಗೊಳ್ತಿಲ್ಲ" ಅಂತ ಬೇಜಾರು ಮಾಡಿಕೊಂಡವರನ್ನು ನೋಡಿದ್ದೇನೆ. ಮೊದಲೇ ಗೊತ್ತಿದ್ದರೆ ಆ ನೋವು ತಪ್ಪುತ್ತಿತ್ತು.

ಹಾಗಾದರೆ ಏನು ಸಿಗುತ್ತದೆ? ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಜಿಲ್ಲಾ ಎಪಿಡೆಮಿಯಾಲಜಿಸ್ಟ್‌ನಂಥ (ರೋಗ ಎಲ್ಲಿ, ಯಾಕೆ ಹರಡುತ್ತದೆ ಅಂತ ನೋಡುವ) ಹುದ್ದೆಗಳು, ಸಂಶೋಧನಾ ಸಂಸ್ಥೆಗಳು, ಸ್ವಯಂಸೇವಾ ಸಂಸ್ಥೆಗಳು, ಸರ್ಕಾರದ ಕಾರ್ಯಕ್ರಮಗಳಿಗೆ ತಾಂತ್ರಿಕ ಬೆಂಬಲ ಕೊಡುವ ಕೆಲಸ. ಇವುಗಳಲ್ಲಿ ಬಹಳಷ್ಟು ಗುತ್ತಿಗೆ ಹುದ್ದೆಗಳು. ಯೋಜನೆ ಮುಗಿದರೆ ಕೆಲಸವೂ ಮುಗಿಯಬಹುದು. ಈಗಾಗಲೇ ಕಾಯಂ ಸರ್ಕಾರಿ ಕೆಲಸದಲ್ಲಿರುವವರು ಅದನ್ನು ಬಿಟ್ಟು ಹೋಗುವ ಮುಂಚೆ ಎರಡು ಸಲ ಯೋಚಿಸಿ. ನನ್ನ ಅಭಿಪ್ರಾಯ ಕೇಳಿದರೆ, ಈ ಓದಿನಿಂದ ಅತಿ ಹೆಚ್ಚು ಲಾಭ ಆಗುವುದು ಕೆಲಸದಲ್ಲಿದ್ದು, ರಜೆ ಹಾಕಿ ಓದಿ, ಅದೇ ಕೆಲಸಕ್ಕೆ ಮರಳುವವರಿಗೆ. ತಾಲ್ಲೂಕು ಆರೋಗ್ಯಾಧಿಕಾರಿಯೋ ರೋಗಗಳ ಮೇಲೆ ನಿಗಾ ಇಡುವ ಜಿಲ್ಲಾ ಸರ್ವೇಕ್ಷಣಾಧಿಕಾರಿಯೋ ಅಂಕಿಅಂಶ ಓದಬಲ್ಲವರಾಗಿದ್ದರೆ ಆ ಜಿಲ್ಲೆಯ ಆಸ್ಪತ್ರೆಗಳಿಗೆ ಆಗುವ ಉಪಕಾರ ದೊಡ್ಡದು.

2. ನಿಮ್ಮ ಊರಿನ ಒಂದು ಸಮಸ್ಯೆಯನ್ನು ಹಿಡಿಯಿರಿ

ಎಲ್ಲರೂ ಹಾರಿ ಹೋಗುವ ಹಂತ ಇದು. ಆದರೆ ಕೋರ್ಸ್ ಆಯ್ಕೆ, ಅರ್ಜಿ, ಸ್ಕಾಲರ್‌ಶಿಪ್, ಕೊನೆಗೆ ಥೀಸಿಸ್ ಎಲ್ಲವೂ ಇದರ ಮೇಲೇ ನಿಲ್ಲುತ್ತವೆ. "ಜನರ ಸೇವೆ ಮಾಡಬೇಕು" ಅನ್ನುವ ಆಸೆ ಒಳ್ಳೆಯದೇ. ಆದರೆ ಅದರಿಂದ ಕೋರ್ಸ್ ಆರಿಸಲು ಆಗುವುದಿಲ್ಲ. ಸಮಸ್ಯೆ ಚಿಕ್ಕದಾಗಿರಲಿ, ನಿಮ್ಮ ಕಣ್ಣೆದುರಿನದಾಗಿರಲಿ.

ಜಗತ್ತಿನ ಆರೋಗ್ಯ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಇರುವ ಜಿನೀವಾದಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಯವರಿಗೆ ಜೋರು ಜ್ವರ ಬಂತು. ಆಗ ಗುರುತಿಸಿದ ವೈರಸ್‌ಗೆ ಇವತ್ತಿಗೂ ಜಗತ್ತಿನ ಪುಸ್ತಕಗಳಲ್ಲಿ ಕ್ಯಾಸನೂರು ಕಾಡಿನ ಹೆಸರೇ ಇದೆ. ನಮ್ಮ ಮಲೆನಾಡಿನವರು ಮಂಗನ ಕಾಯಿಲೆ ಅನ್ನುತ್ತಾರೆ. ಉಣುಗಿನಿಂದ ಹರಡುವ ಈ ರೋಗವನ್ನು ಡಾಕ್ಟರೊಬ್ಬರೇ ತಡೆಯಲು ಆಗುವುದಿಲ್ಲ. ಪಶುವೈದ್ಯರು ಬೇಕು, ಅರಣ್ಯ ಇಲಾಖೆ ಬೇಕು, ಸೊಪ್ಪು ಸೌದೆಗೆ ಕಾಡಿಗೆ ಹೋಗುವವರ ಮಾತು ಕೇಳಬೇಕು. ಮನುಷ್ಯ, ಪ್ರಾಣಿ, ಪರಿಸರ ಮೂರನ್ನೂ ಸೇರಿಸಿ ನೋಡುವ ಈ ಕ್ರಮಕ್ಕೆ ಈಗ ವಿಶ್ವವಿದ್ಯಾಲಯಗಳಲ್ಲಿ ಒನ್ ಹೆಲ್ತ್ ಅನ್ನುತ್ತಾರೆ. ತೀರ್ಥಹಳ್ಳಿ, ಸಾಗರದ ಕಡೆ ಕೆಲಸ ಮಾಡಿದವರಿಗೆ ಅದು ಹೊಸದೇನಲ್ಲ.

ಇನ್ನೊಂದು ಉದಾಹರಣೆ ತುಮಕೂರಿನದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಮನೆಗೆ ಹೋಗಿ ಮಾತಾಡಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಅನ್ನುವುದು ಆಗಿನ ನಂಬಿಕೆ. ಕಂಡಿದ್ದು ಬೇರೆ. ಅವರಲ್ಲಿ ಅರ್ಧದಷ್ಟು ಮಂದಿ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದರು. ಕೆಮ್ಮಿನ ಔಷಧಿ ಕೊಟ್ಟು ವಾಪಸ್ ಕಳಿಸಲಾಗಿತ್ತು. ಅಂದರೆ ಕೊರತೆ ಇದ್ದದ್ದು ಆಸ್ಪತ್ರೆಯಲ್ಲಿ. 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ ಮಾಡುವ ದಾರಿ ಹಿಡಿದದ್ದರ ಹಿಂದೆ ಇಂಥ ಅಧ್ಯಯನಗಳಿವೆ. ಸರಿಯಾಗಿ ಕೇಳಿದ ಒಂದು ಪ್ರಶ್ನೆಯ ಶಕ್ತಿ ಅಷ್ಟು.

ಈಗ ನಿಮ್ಮ ಸರದಿ. ಪಿಎಚ್‌ಸಿಯಲ್ಲಿರುವವರು ಈ ಅಭ್ಯಾಸ ಮಾಡಿ ನೋಡಿ. ಸರ್ವೇಕ್ಷಣಾ ವರದಿಯಲ್ಲಿ ಮೂರು ಫಾರಂ ಇರುತ್ತವೆ. ಆರೋಗ್ಯ ಕಾರ್ಯಕರ್ತರು ಸಂಶಯಿಸಿದ ಕೇಸ್‌ಗೆ ಎಸ್ ಫಾರಂ, ಡಾಕ್ಟರು ನೋಡಿ ಹೇಳಿದ್ದಕ್ಕೆ ಪಿ ಫಾರಂ, ಲ್ಯಾಬ್‌ನಲ್ಲಿ ಖಚಿತವಾದದ್ದಕ್ಕೆ ಎಲ್ ಫಾರಂ. ವೈದ್ಯಾಧಿಕಾರಿಯ ಅನುಮತಿ ಪಡೆದು, ಎರಡು ವರ್ಷದ ಪಿ ಫಾರಂನಿಂದ ವಾಂತಿಭೇದಿ ಕೇಸ್‌ಗಳನ್ನು ತಿಂಗಳುವಾರು, ಹಳ್ಳಿವಾರು ಬರೆದುಕೊಳ್ಳಿ. ಒಂದು ಹಳ್ಳಿಯಲ್ಲಿ 50 ಕೇಸ್, ಇನ್ನೊಂದರಲ್ಲಿ 20 ಅಂತಿಟ್ಟುಕೊಳ್ಳಿ. ಮೊದಲ ಹಳ್ಳಿಯೇ ಕಷ್ಟದಲ್ಲಿದೆ ಅನ್ನಿಸುತ್ತದೆ ಅಲ್ವಾ? ಈಗ ಜನಸಂಖ್ಯೆ ಸೇರಿಸಿ. ಮೊದಲನೆಯದರಲ್ಲಿ 5000 ಜನ, ಎರಡನೆಯದರಲ್ಲಿ 800. ಸಾವಿರಕ್ಕೆ ಲೆಕ್ಕ ಹಾಕಿದರೆ ಮೊದಲನೆಯದು 10, ಎರಡನೆಯದು 25. ನೀವು ಮೊದಲು ಹೋಗಿ ಟ್ಯಾಂಕು, ಪೈಪು ನೋಡಬೇಕಾದ್ದು ಎರಡನೇ ಹಳ್ಳಿಯಲ್ಲಿ. ರೋಗ ಯಾರಿಗೆ, ಎಲ್ಲಿ, ಯಾವಾಗ, ಯಾಕೆ ಬರುತ್ತದೆ ಅಂತ ಹೀಗೆ ಲೆಕ್ಕ ಹಾಕಿ ಹುಡುಕುವ ವಿದ್ಯೆಗೇ ಎಪಿಡೆಮಿಯಾಲಜಿ ಅನ್ನುವುದು.

ಈ ಲೆಕ್ಕ ಮಾಡುವಾಗ ನಿಮಗೆ ಖುಷಿಯಾಯಿತಾ, ಬೇಸರವಾಯಿತಾ? ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಿ. ಖುಷಿಯಾದರೆ ಎಪಿಡೆಮಿಯಾಲಜಿ ಕಡೆ ಹೋಗಿ. ಲೆಕ್ಕ ಬೇಸರ ತರಿಸಿ, ಆ ಹಳ್ಳಿಯ ಪೈಪು ವರ್ಷಗಟ್ಟಲೆ ಯಾಕೆ ರಿಪೇರಿ ಆಗಲಿಲ್ಲ ಅನ್ನುವುದೇ ನಿಮ್ಮ ತಲೆ ಕೊರೆಯುತ್ತಿದ್ದರೆ ಹೆಲ್ತ್ ಪಾಲಿಸಿ ಅಥವಾ ಹೆಲ್ತ್ ಸಿಸ್ಟಮ್ಸ್ ನಿಮಗೆ ಸರಿ. ಅಂದರೆ ಹಣ, ಸಿಬ್ಬಂದಿ, ಅಧಿಕಾರ, ಔಷಧಿ ಪೂರೈಕೆ ಹೇಗೆ ನಡೆಯುತ್ತವೆ ಅನ್ನುವ ಓದು.

ಒಂದು ಎಚ್ಚರಿಕೆ. ರೋಗಿಗಳ ಹೆಸರು, ಫೋನ್ ನಂಬರ್ ಇರುವ ಪುಟಗಳ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಬೇಡಿ. ಬರೀ ಸಂಖ್ಯೆ ಸಾಕು.

3. ಎಲ್ಲಿ ಓದುವುದು

ಭಾರತದಲ್ಲಿ ಎಂಪಿಎಚ್ ಸಾಮಾನ್ಯವಾಗಿ ಎರಡು ವರ್ಷ. ದೇಶದ ಮೊದಲ ಎಂಪಿಎಚ್ ಶುರುವಾದದ್ದು 1997ರಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೇನನ್ ಕೇಂದ್ರದಲ್ಲಿ. ಚೆನ್ನೈನಲ್ಲಿ ಐಸಿಎಂಆರ್‌ನ, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ ಇದೆ. 2001ರಿಂದ ಅಲ್ಲಿ ಫೀಲ್ಡ್ ಎಪಿಡೆಮಿಯಾಲಜಿ ತರಬೇತಿ ನಡೆಯುತ್ತಿದೆ. ರೋಗ ಹರಡಿದಾಗ ಸ್ಥಳಕ್ಕೆ ಹೋಗಿ ತನಿಖೆ ಮಾಡುವುದನ್ನು ಕೈಹಿಡಿದು ಕಲಿಸುತ್ತಾರೆ. ಸರ್ವೇಕ್ಷಣೆಯಲ್ಲಿ ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ. ಕೋಲ್ಕತ್ತದಲ್ಲಿ 1932ರಿಂದ ಇರುವ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಹಳೆಯ, ಸರ್ಕಾರಿ ಜಾಗ. ಕರ್ನಾಟಕದಲ್ಲಿ ನಿಮ್ಹಾನ್ಸ್, ಮಣಿಪಾಲದ ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್, ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಕೆಎಲ್‌ಇಯಲ್ಲಿ ಎಂಪಿಎಚ್ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಈ ಪದವಿ ಕೊಡುತ್ತದೆ.

ಕಾಲೇಜಿನ ಕಟ್ಟಡ, ರ‍್ಯಾಂಕಿಂಗ್ ನೋಡಿ ಮನಸ್ಸು ಮಾಡಬೇಡಿ. ಫೋನ್ ಮಾಡಿ ಈ ನಾಲ್ಕು ಮಾತು ಕೇಳಿ. ಫೀಲ್ಡ್ ಪೋಸ್ಟಿಂಗ್ ಎಲ್ಲಿ, ಎಷ್ಟು ವಾರ? ಪಾಠ ಮಾಡುವವರಲ್ಲಿ ಡಾಕ್ಟರುಗಳ ಜೊತೆಗೆ ಸಮಾಜ ವಿಜ್ಞಾನ, ಅರ್ಥಶಾಸ್ತ್ರ, ಅಂಕಿಅಂಶದವರೂ ಇದ್ದಾರಾ? ಪ್ರತಿ ವಿದ್ಯಾರ್ಥಿಯೂ ಸ್ವಂತ ಅಧ್ಯಯನ ಮಾಡುತ್ತಾರಾ? ಹೋದ ಎರಡು ಬ್ಯಾಚಿನವರು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ಹುಷಾರು. ಸಾಧ್ಯವಾದರೆ ಹಳೆಯ ವಿದ್ಯಾರ್ಥಿಯೊಬ್ಬರ ಜೊತೆ ಮಾತಾಡಿ.

ವಿದೇಶದ ಮಾತು. ಬ್ರಿಟನ್ನಿನ ಲಿವರ್‌ಪೂಲ್ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್ 1898ರದ್ದು, ಲಂಡನ್ ಸ್ಕೂಲ್ ಆಫ್ ಹೈಜೀನ್ 1899ರದ್ದು, ಬೆಲ್ಜಿಯಂನ ಆಂಟ್‌ವರ್ಪ್‌ನ ಇಂಥದ್ದೇ ಸಂಸ್ಥೆ 1906ರದ್ದು. ಮೂರೂ ವಸಾಹತುಗಳ ಕಾಲದಲ್ಲಿ ಉಷ್ಣವಲಯದ ರೋಗಗಳಿಗಾಗಿ ಹುಟ್ಟಿದ ಶಾಲೆಗಳು. ಇವತ್ತು ಅಲ್ಲಿ ಕಲಿಯಲು ಬಹಳ ಇದೆ. ಆಫ್ರಿಕಾ, ಲ್ಯಾಟಿನ್ ಅಮೆರಿಕದಲ್ಲಿ ಕೆಲಸ ಮಾಡಿದವರು ಪಕ್ಕದ ಬೆಂಚಿನಲ್ಲಿ ಕೂರುತ್ತಾರೆ. ಅವರಿಂದ ಕಲಿಯುವುದೇ ಅರ್ಧ ಓದು. ಆದರೆ ನಮ್ಮ ಊರಿನ ಪ್ರಶ್ನೆಯನ್ನು ಯಾರು ಕೇಳಬೇಕು, ಯಾರ ಅನುಕೂಲಕ್ಕೆ ಕೇಳಬೇಕು ಅನ್ನುವುದನ್ನು ನೀವೇ ಗಟ್ಟಿಯಾಗಿ ಹಿಡಿದುಕೊಂಡು ಹೋಗಬೇಕು. ಎರಡನೇ ಹಂತಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೂ ಸೇರಿ.

ಬ್ರಿಟನ್‌ನಲ್ಲಿ ಪೂರ್ಣಾವಧಿ ಕೋರ್ಸ್ ಸಾಮಾನ್ಯವಾಗಿ ಒಂದು ವರ್ಷ. ಯುರೋಪಿನಲ್ಲಿ ಒಂದೋ ಎರಡೋ ವರ್ಷ. ಅಲ್ಲಿ ಓದನ್ನು ಇಸಿಟಿಎಸ್ ಅನ್ನುವ ಕ್ರೆಡಿಟ್‌ನಲ್ಲಿ ಅಳೆಯುತ್ತಾರೆ. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಓದು. ಕೆಲಸದಲ್ಲಿರುವವರಿಗೆ ಟ್ರಾಪ್‌ಎಡ್ ಅನ್ನುವ ಸಂಸ್ಥೆಗಳ ಒಕ್ಕೂಟದ ಇಂಟರ್‌ನ್ಯಾಷನಲ್ ಹೆಲ್ತ್ ಮಾಸ್ಟರ್ಸ್ ಗಮನಿಸುವಂಥದ್ದು. ಒಟ್ಟು 60 ಕ್ರೆಡಿಟ್. ಒಂದು ಕಡೆ ಮೂಲ ಕೋರ್ಸ್ ಮುಗಿಸಿ, ಉಳಿದ ಮಾಡ್ಯೂಲ್‌ಗಳನ್ನು ಬೇರೆ ಬೇರೆ ದೇಶದ ಸದಸ್ಯ ಸಂಸ್ಥೆಗಳಲ್ಲಿ ತೆಗೆದುಕೊಳ್ಳಬಹುದು. ಒಂದೇ ಸಲ ಇಡೀ ವರ್ಷ ರಜೆ ಸಿಗದವರಿಗೆ ಇಂಥ ತುಂಡು ತುಂಡಾದ ಓದು ಅನುಕೂಲ.

ಮನೆ ಬಿಟ್ಟು ಹೋಗಲು ಆಗುವುದೇ ಇಲ್ಲವೇ? ಚಿಕ್ಕ ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಇರುವವರು, ಮುಖ್ಯವಾಗಿ ಹೆಣ್ಣುಮಕ್ಕಳು ಇದನ್ನು ಕೇಳುತ್ತಾರೆ. ಲಂಡನ್ ಸ್ಕೂಲ್ ಆಫ್ ಹೈಜೀನ್‌ನ ಕೆಲವು ಎಂಎಸ್ಸಿ ಕೋರ್ಸ್‌ಗಳನ್ನು ಲಂಡನ್ ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ ಮನೆಯಿಂದಲೇ, ಕೆಲವು ವರ್ಷಗಳಲ್ಲಿ ನಿಧಾನವಾಗಿ ಮುಗಿಸಬಹುದು. ಬೆಂಗಳೂರಿನಲ್ಲಿ 2005ರಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಕೆಲಸದಲ್ಲಿರುವವರಿಗೆ ಆನ್‌ಲೈನ್ ಕೋರ್ಸ್‌ಗಳನ್ನು ನಡೆಸಿದೆ. ಅಂಥ ಚಿಕ್ಕ ಕೋರ್ಸ್‌ನಿಂದ ಶುರು ಮಾಡಿದರೂ ನಷ್ಟವೇನಿಲ್ಲ.

ಇಲ್ಲಿ ಜನ ಮುಗ್ಗರಿಸುವುದು ಮಾನ್ಯತೆಯ ವಿಷಯದಲ್ಲಿ. ಭಾರತದ ದೂರಶಿಕ್ಷಣ ಪದವಿ ಆದರೆ ಆ ಕೋರ್ಸ್‌ಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ದೂರಶಿಕ್ಷಣ ವಿಭಾಗದ ಅನುಮತಿ ಇದೆಯಾ ಅಂತ ಯುಜಿಸಿ ಪಟ್ಟಿಯಲ್ಲೇ ನೋಡಿ. ಕಾಲೇಜಿನ ಜಾಹೀರಾತನ್ನು ನಂಬಬೇಡಿ. ವಿದೇಶಿ ಪದವಿಯನ್ನು ಇಲ್ಲಿನ ಸರ್ಕಾರಿ ನೇಮಕಾತಿಗೆ ತೋರಿಸುವಾಗ ತತ್ಸಮಾನ ಪ್ರಮಾಣಪತ್ರ ಕೇಳಬಹುದು, ಅಂದರೆ ಅದು ನಮ್ಮ ಪದವಿಗೆ ಸಮ ಅನ್ನುವ ಕಾಗದ. ಬ್ರಿಟನ್ನಿನ ಒಂದು ವರ್ಷದ ಮಾಸ್ಟರ್ಸ್ ಬಗ್ಗೆ ಹಿಂದೆ ಬಹಳ ಗೊಂದಲ ಇತ್ತು. 2022ರ ಜುಲೈನಲ್ಲಿ ಎರಡೂ ದೇಶಗಳು ಪರಸ್ಪರ ಪದವಿ ಮಾನ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ದಾರಿ ಸುಲಭವಾಗಿದೆ. ಹಾಗಿದ್ದರೂ ನಿಮ್ಮ ಇಲಾಖೆ ಅದನ್ನು ಒಪ್ಪುತ್ತದಾ ಅಂತ ಹೋಗುವ ಮುಂಚೆಯೇ ಬರಹದಲ್ಲಿ ಕೇಳಿ.

4. ಅರ್ಜಿಗೆ ಮುಂಚಿನ ತಯಾರಿ

ಬಯೋಸ್ಟಾಟಿಸ್ಟಿಕ್ಸ್, ಅಂದರೆ ಆರೋಗ್ಯದ ಅಂಕಿಅಂಶ ಶಾಸ್ತ್ರ, ಎಲ್ಲರನ್ನೂ ಹೆದರಿಸುವ ವಿಷಯ. ಪಿಯುಸಿಯಲ್ಲಿ ಪಿಸಿಬಿ ತಗೊಂಡು ಗಣಿತ ಬಿಟ್ಟವರಿಗಂತೂ ಜಾಸ್ತಿ. ದಿನಕ್ಕೆ ಅರ್ಧ ಗಂಟೆಯಂತೆ ಆರು ತಿಂಗಳು ಕೂತರೆ ಆ ಹೆದರಿಕೆ ಹೋಗುತ್ತದೆ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ಸ್ವಯಂ ತಾಣದಲ್ಲಿ ಚೆನ್ನೈನ ಎಪಿಡೆಮಿಯಾಲಜಿ ಸಂಸ್ಥೆಯವರ ಹೆಲ್ತ್ ರಿಸರ್ಚ್ ಫಂಡಮೆಂಟಲ್ಸ್ ಕೋರ್ಸ್ ಇದೆ. ಕಲಿಯಲು ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ. ಅಂಕಿಅಂಶ ಲೆಕ್ಕ ಹಾಕಲು ಆರ್, ನಕ್ಷೆ ಬಿಡಿಸಲು ಕ್ಯೂಜಿಐಎಸ್ ಎರಡೂ ಉಚಿತ ಸಾಫ್ಟ್‌ವೇರ್. ಮೊದಲು ಎಕ್ಸೆಲ್ ಚೆನ್ನಾಗಿ ಕಲಿತುಕೊಳ್ಳಿ. ನಿಮ್ಮ ವಾಂತಿಭೇದಿ ಪಟ್ಟಿಯನ್ನೇ ಹಾಕಿ ಗ್ರಾಫ್ ಬಿಡಿಸಿ. ಬೇರೆ ಅಭ್ಯಾಸ ಪುಸ್ತಕ ಬೇಕಿಲ್ಲ.

ವಿದೇಶಕ್ಕೆ ಹೋಗುವವರು ಐಇಎಲ್‌ಟಿಎಸ್ ಬರೆಯಬೇಕಾಗುತ್ತದೆ. ಇದು ಇಂಗ್ಲಿಷ್ ಪರೀಕ್ಷೆ, 9ಕ್ಕೆ ಸಾಮಾನ್ಯವಾಗಿ 6.5 ಅಥವಾ 7 ಕೇಳುತ್ತಾರೆ. ಅಂಕ ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ, ಹಾಗಾಗಿ ತೀರಾ ಮುಂಚೆ ಬರೆಯಬೇಡಿ. ಕನ್ನಡ ಮೀಡಿಯಂನಿಂದ ಬಂದವರು ಬರವಣಿಗೆಯ ಭಾಗಕ್ಕೆ ಹೆಚ್ಚು ಸಮಯ ಕೊಡಿ. ಹೆಚ್ಚಿನವರ ಅಂಕ ಇಳಿಯುವುದು ಅಲ್ಲೇ.

5. ಕಾಗದಪತ್ರ ಮತ್ತು ಆ ಎರಡು ಪುಟದ ಬರಹ

ಟ್ರಾನ್ಸ್‌ಕ್ರಿಪ್ಟ್ ಅಂದರೆ ನೀವು ಓದಿದ ವಿಷಯ, ಗಂಟೆ, ಅಂಕ ಎಲ್ಲ ಇರುವ, ವಿಶ್ವವಿದ್ಯಾಲಯವೇ ಕೊಡುವ ಅಧಿಕೃತ ಪಟ್ಟಿ. ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಆಗುವುದಿಲ್ಲ. ಅದು ಕೈಗೆ ಬರಲು ವಾರಗಟ್ಟಲೆ ಹಿಡಿಯಬಹುದು, ಮೊದಲು ಅದಕ್ಕೆ ಅರ್ಜಿ ಹಾಕಿ. ಪಾಸ್‌ಪೋರ್ಟ್, ಡಿಗ್ರಿ ಸರ್ಟಿಫಿಕೇಟ್, ಕೌನ್ಸಿಲ್ ನೋಂದಣಿ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯಾ ನೋಡಿ. ನಮ್ಮಲ್ಲಿ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಅಪ್ಪನ ಪೂರ್ತಿ ಹೆಸರು ಇರುತ್ತದೆ. ಇದೊಂದರಿಂದಲೇ ವರ್ಷ ಕಳೆದುಕೊಂಡವರಿದ್ದಾರೆ.

ಶಿಫಾರಸು ಪತ್ರಕ್ಕೆ ದೊಡ್ಡ ಹುದ್ದೆಯವರನ್ನು ಹುಡುಕಬೇಡಿ. ನಿಮ್ಮ ಕೆಲಸ ಕಣ್ಣಾರೆ ನೋಡಿದವರನ್ನು ಕೇಳಿ. ನಿಮ್ಮ ಜೊತೆ ಲಸಿಕೆ ಅಭಿಯಾನ ನಡೆಸಿದ ತಾಲ್ಲೂಕು ಆರೋಗ್ಯಾಧಿಕಾರಿ ಬರೆದ ಅರ್ಧ ಪುಟಕ್ಕೆ, ನಿಮ್ಮ ಮುಖ ಮರೆತ ಪ್ರಿನ್ಸಿಪಾಲರ ಎರಡು ಪುಟಕ್ಕಿಂತ ತೂಕ ಜಾಸ್ತಿ.

ಇನ್ನು ಸ್ಟೇಟ್‌ಮೆಂಟ್ ಆಫ್ ಪರ್ಪಸ್. ಈ ಓದು ಯಾಕೆ ಬೇಕು ಅಂತ ನೀವೇ ಬರೆಯುವ ಎರಡು ಪುಟ. ನನಗೆ ತಿದ್ದಲು ಕಳಿಸುವವರ ಬರಹಗಳಲ್ಲಿ ಬಹುಪಾಲು ಶುರುವಾಗುವುದು ಹೀಗೆ: "ಚಿಕ್ಕಂದಿನಿಂದಲೂ ಬಡವರ ಸೇವೆ ಮಾಡುವ ಕನಸು ಕಂಡವನು ನಾನು." ಓದುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ಹೀಗೆ ಶುರುವಾದರೆ ಹೇಗಿರುತ್ತದೆ ನೋಡಿ. ಇದು ಉದಾಹರಣೆಗೆ ನಾನು ಬರೆದದ್ದು:

"ನಮ್ಮ ಪಿಎಚ್‌ಸಿಗೆ ನಾಲ್ಕು ಉಪಕೇಂದ್ರ. ಅದರಲ್ಲಿ ಎರಡರಲ್ಲಿ ರಕ್ತಹೀನತೆ ಇರುವ ಗರ್ಭಿಣಿಯರು ಜಾಸ್ತಿ. ಕಬ್ಬಿಣದ ಮಾತ್ರೆ ನಾಲ್ಕಕ್ಕೂ ಒಂದೇ ಲೆಕ್ಕದಲ್ಲಿ ಹೋಗುತ್ತದೆ. ಆ ಎರಡು ಕಡೆಯ ಹೆಂಗಸರು ಬೆಳಗ್ಗೆ ಏಳಕ್ಕೇ ಕಾಫಿ ತೋಟಕ್ಕೆ ಹೊರಡುತ್ತಾರೆ. ತಾಯಿ ಕಾರ್ಡ್ ಹಿಡಿದು ಬರಲು ನಾವು ಹೇಳುವುದು ಹತ್ತು ಗಂಟೆಗೆ."

ನಾಲ್ಕೈದು ಸಾಲಿನಲ್ಲಿ ಜಾಗ ಕಾಣುತ್ತದೆ, ಸಮಸ್ಯೆ ಕಾಣುತ್ತದೆ, ನೀವು ಗಮನಿಸಿ ನೋಡುವವರು ಅಂತಲೂ ಗೊತ್ತಾಗುತ್ತದೆ. ಮುಂದೆ ನಿಮಗೆ ಯಾವ ಕೌಶಲ ಇಲ್ಲ, ಈ ಕೋರ್ಸ್‌ನ ಯಾವ ವಿಷಯ ಅದನ್ನು ಕೊಡುತ್ತದೆ, ಮರಳಿ ಬಂದು ಏನು ಮಾಡುತ್ತೀರಿ ಅಂತ ಬರೆಯಿರಿ. ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ. ಹೇಳಬೇಕಾದ್ದು ಸ್ಪಷ್ಟವಾದ ಮೇಲೆ ಇಂಗ್ಲಿಷಿಗೆ ತನ್ನಿ. ದುಡ್ಡು ತಗೊಂಡು ಬರೆದುಕೊಡುವ ಏಜೆಂಟರ ಹತ್ತಿರ ಹೋಗಬೇಡಿ. ಒಂದೇ ಬರಹವನ್ನು ಹತ್ತು ಜನಕ್ಕೆ ಕೊಡುತ್ತಾರೆ, ವಿಶ್ವವಿದ್ಯಾಲಯಗಳು ಸಾಫ್ಟ್‌ವೇರ್‌ನಲ್ಲಿ ಹಿಡಿಯುತ್ತವೆ.

6. ದುಡ್ಡು

ಬ್ರಿಟನ್ನಿನಲ್ಲಿ ಹೊರದೇಶದವರಿಗೆ ಶುಲ್ಕವೇ ಸುಮಾರು 20 ಸಾವಿರದಿಂದ 35 ಸಾವಿರ ಪೌಂಡ್. ಊಟ, ಬಾಡಿಗೆ ಬೇರೆ. ಇಲ್ಲಿನ ಎಂಪಿಎಚ್ ಸಂಬಳದಲ್ಲಿ ಆ ಸಾಲ ತೀರಿಸುವುದು ಬಹಳ ಕಷ್ಟ. ಸ್ಕಾಲರ್‌ಶಿಪ್ ಇಲ್ಲದೆ, ಮನೆ ಅಥವಾ ಜಮೀನು ಅಡ ಇಟ್ಟು ಈ ಓದಿಗೆ ಹೋಗಬೇಡಿ ಅನ್ನುವುದು ನನ್ನ ಖಚಿತ ಮಾತು. ಒಂದು ವರ್ಷ ಸಿಗಲಿಲ್ಲವೇ, ಮರುವರ್ಷ ಮತ್ತೆ ಹಾಕಿ.

ಬ್ರಿಟಿಷ್ ಸರ್ಕಾರದ ಚೀವನಿಂಗ್ ಒಂದು ವರ್ಷದ ಮಾಸ್ಟರ್ಸ್‌ಗೆ ಪೂರ್ತಿ ಖರ್ಚು ಕೊಡುತ್ತದೆ. ಎರಡು ವರ್ಷದ, ಅಂದರೆ 2800 ಗಂಟೆಯ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ತೆರೆಯುತ್ತದೆ, ಓದು ಶುರುವಾಗುವುದು ಮರುವರ್ಷದ ಸೆಪ್ಟೆಂಬರ್‌ಗೆ. ಹಾಗಾಗಿ ಒಂದೂವರೆ ವರ್ಷ ಮುಂಚೆ ತಯಾರಿ ಶುರುವಾಗಿರಬೇಕು. ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಇನ್ನೊಂದು ದಾರಿ. ಜರ್ಮನಿಯ ಡಿಎಎಡಿ ಸಂಸ್ಥೆಯ ಎಪೋಸ್ ಯೋಜನೆ ಕೆಲಸದ ಅನುಭವ ಇರುವವರಿಗೇ ಇದೆ, ಕನಿಷ್ಠ ಎರಡು ವರ್ಷ ಕೇಳುತ್ತಾರೆ. ಕೊನೆಯ ಪದವಿ ಆಗಿ ಆರು ವರ್ಷ ದಾಟಿರಬಾರದು ಅನ್ನುವ ನಿಯಮವೂ ಇದೆ, ಬಹಳ ಜನ ಇದನ್ನು ಕೊನೆ ಗಳಿಗೆಯಲ್ಲಿ ನೋಡುತ್ತಾರೆ. ಯುರೋಪ್ ಒಕ್ಕೂಟದ ಎರಾಸ್ಮಸ್ ಮುಂಡುಸ್ ಯೋಜನೆಯ ಅಡಿ ಯೂರೋಪಬ್‌ಹೆಲ್ತ್ ಅನ್ನುವ ಎರಡು ವರ್ಷದ ಜಂಟಿ ಪದವಿ ಇದೆ.

"ಜರ್ಮನಿಯಲ್ಲಿ ಓದು ಫ್ರೀ" ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಕೆಲಸದ ಅನುಭವ ಇರುವವರಿಗಾಗಿ ಮಾಡಿದ ಇಂಥ ಮಾಸ್ಟರ್ಸ್ ಕೋರ್ಸ್‌ಗಳಿಗೆ ಅಲ್ಲೂ ಶುಲ್ಕ ಇರಬಹುದು. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1500 ಯೂರೋ ಸಾಮಾನ್ಯ ಶುಲ್ಕವೇ ಇದೆ.

ನಮ್ಮವರಿಗೆ ಹೆಚ್ಚು ಗೊತ್ತಿಲ್ಲದ ಬಾಗಿಲುಗಳೂ ಇವೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳ ವಿದೇಶಿ ವ್ಯಾಸಂಗಕ್ಕೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಆದಾಯ ಮಿತಿ, ವಿಷಯಗಳ ಪಟ್ಟಿ, ವಿಶ್ವವಿದ್ಯಾಲಯದ ರ‍್ಯಾಂಕ್ ಇವನ್ನು ಆ ವರ್ಷದ ಪ್ರಕಟಣೆಯಲ್ಲೇ ಓದಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಮುಂಚೆಯೇ ಮಾಡಿಸಿಡಿ. 1892ರಿಂದ ಇರುವ ಜೆ.ಎನ್. ಟಾಟಾ ಎಂಡೋಮೆಂಟ್ ಕೊಡುವುದು ಸಾಲದ ರೂಪದ ಸ್ಕಾಲರ್‌ಶಿಪ್, ಅದನ್ನು ತೀರಿಸಬೇಕು.

7. ರಜೆ, ವೀಸಾ

ಸರ್ಕಾರಿ ನೌಕರರು ಅರ್ಜಿ ಹಾಕುವ ಮುಂಚೆಯೇ ಮೇಲಧಿಕಾರಿಗೆ ಬರಹದಲ್ಲಿ ತಿಳಿಸಿ. ಅಧ್ಯಯನ ರಜೆ ಬೇರೆ, ವೇತನರಹಿತ ರಜೆ ಬೇರೆ, ನಿಯೋಜನೆ ಬೇರೆ. ಸಂಬಳ, ಹಿರಿತನ, ಪಿಂಚಣಿ ಮೂರರ ಮೇಲೂ ಒಂದೊಂದರ ಪರಿಣಾಮ ಒಂದೊಂದು ಥರ. ಕಚೇರಿಯ ಎಸ್ಟಾಬ್ಲಿಷ್‌ಮೆಂಟ್ ವಿಭಾಗದವರ ಜೊತೆ ಕೂತು ಮಾತಾಡಿ. "ಹೋಗಿ ಬನ್ನಿ, ನೋಡ್ಕೊಳ್ಳೋಣ" ಅನ್ನುವ ಬಾಯಿಮಾತನ್ನು ನಂಬಿ ಹೊರಡಬೇಡಿ, ಆ ಅಧಿಕಾರಿ ನೀವು ಬರುವ ಹೊತ್ತಿಗೆ ವರ್ಗವಾಗಿರುತ್ತಾರೆ. ಆದೇಶದ ಪ್ರತಿ ಕೈಯಲ್ಲಿರಲಿ. ಎಂಬಿಬಿಎಸ್‌ನವರಿಗೆ ಕಡ್ಡಾಯ ಗ್ರಾಮೀಣ ಸೇವೆಯ ವಿಷಯ ಬಾಕಿ ಇದ್ದರೆ ಅದನ್ನು ಮೊದಲು ಮುಗಿಸಿ. ಅನುಭವಕ್ಕೂ ಅದು ಸೇರುತ್ತದೆ.

ಬ್ರಿಟನ್ ವೀಸಾಕ್ಕೆ ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ನಡುವೆ ಒಂದು ದಿನ ಕಡಿಮೆಯಾದರೂ ಅರ್ಜಿ ತಿರಸ್ಕಾರ ಆಗಬಹುದು. ಒಪ್ಪಿಗೆ ಪಡೆದ ಕ್ಲಿನಿಕ್‌ನಲ್ಲಿ ಕ್ಷಯ ಪರೀಕ್ಷೆ ಮಾಡಿಸಿದ ಪ್ರಮಾಣಪತ್ರ ಬೇಕು. 2024ರ ಜನವರಿಯಿಂದ ಅಲ್ಲಿ ಸಾಮಾನ್ಯ ಮಾಸ್ಟರ್ಸ್ ಓದುವವರು ಗಂಡ, ಹೆಂಡತಿ, ಮಕ್ಕಳನ್ನು ಅವಲಂಬಿತರಾಗಿ ಕರೆದುಕೊಂಡು ಹೋಗುವಂತಿಲ್ಲ. ಮನೆಯಲ್ಲಿ ಈ ಮಾತನ್ನು ಮೊದಲೇ ಆಡಿ ಮುಗಿಸಿ. ಜರ್ಮನಿಗೆ ಹೋಗುವವರು ಸಾಮಾನ್ಯವಾಗಿ ಎಪಿಎಸ್ ಪ್ರಮಾಣಪತ್ರ ಪಡೆಯಬೇಕು. ನಿಮ್ಮ ಪದವಿಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಕಾಗದ ಅದು, ಬರಲು ಸಮಯ ಹಿಡಿಯುತ್ತದೆ.

8. ಥೀಸಿಸ್‌ಗೆ ಊರಿನ ಮಾಹಿತಿ ಬೇಕಾದರೆ

ನಿಮ್ಮ ಜಿಲ್ಲೆಯ ಸಮಸ್ಯೆಯನ್ನೇ ಥೀಸಿಸ್ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಅನುಮತಿಯ ಕೆಲಸವನ್ನು ಹೊರಡುವ ಮುಂಚೆಯೇ ಶುರು ಮಾಡಬೇಕು. ಮೊದಲನೆಯದು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಯ ಅಥವಾ ಇಲಾಖೆಯ ಒಪ್ಪಿಗೆ ಪತ್ರ. ಎರಡನೆಯದು ಎಥಿಕ್ಸ್ ಕಮಿಟಿ, ಅಂದರೆ ಅಧ್ಯಯನದಿಂದ ಜನರಿಗೆ ತೊಂದರೆ ಆಗದಂತೆ ನೋಡಿಕೊಳ್ಳುವ ಸಮಿತಿಯ ಅನುಮತಿ. ವಿದೇಶದ ವಿಶ್ವವಿದ್ಯಾಲಯದ ಸಮಿತಿ ಒಪ್ಪಿದರೆ ಸಾಲದು, ಇಲ್ಲಿನ ಒಂದು ಸಂಸ್ಥೆಯ ಸಮಿತಿಯೂ ಒಪ್ಪಬೇಕು. ಮಾಹಿತಿ ಸಂಗ್ರಹಿಸಿ ಆದ ಮೇಲೆ ಅನುಮತಿ ಕೇಳಿದರೆ ಕೊಡುವುದಿಲ್ಲ. ವಿದೇಶದ ಹಣ ಅಥವಾ ಸಹಭಾಗಿತ್ವ ಇದ್ದರೆ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಗೂ ಹೋಗಬೇಕಾಗಬಹುದು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಒಂದು ವರ್ಷದ ಕೋರ್ಸ್‌ನಲ್ಲಿ ಅಷ್ಟು ಸಮಯ ಇರುವುದಿಲ್ಲ. ಇಲ್ಲಿ ಒಬ್ಬ ಮಾರ್ಗದರ್ಶಕರನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ, ಯಾವ ಸಮಿತಿಗೆ ಯಾವ ತಿಂಗಳು ಕಡತ ಕೊಡಬೇಕು ಅಂತ ಅವರಿಗೆ ಗೊತ್ತಿರುತ್ತದೆ.

ಜನರನ್ನು ಸಂದರ್ಶನ ಮಾಡುವ ಯೋಚನೆ ಇದ್ದರೆ ಪ್ರಶ್ನಾವಳಿ ಮತ್ತು ಒಪ್ಪಿಗೆ ಪತ್ರದ ಕನ್ನಡ ಪ್ರತಿಯನ್ನು ನೀವೇ ತಯಾರಿಸಿ, ಆಶಾ ಕಾರ್ಯಕರ್ತೆಯೊಬ್ಬರಿಗೆ ಓದಿ ಹೇಳಿ. ಅವರು ಎಲ್ಲಿ "ಹಂಗಂದ್ರೆ?" ಅಂತ ಕೇಳುತ್ತಾರೋ ಆ ಸಾಲನ್ನು ತಿದ್ದಿ, ಆಮೇಲೆ ಸಮಿತಿಗೆ ಕೊಡಿ.